ಅಂತೂ ಚರ್ಮದ ಡಾಕ್ಟರ್ ಸಿಕ್ಕರು

ಜರ್ಮನಿಯಲ್ಲಿ ಸ್ಪೆಷಲಿಸ್ಟ್ ಸಿಗೋದು ಅಂದ್ರೆ ತಿರುಪತಿ ದರ್ಶನ ಇದ್ದ ಹಾಗೆ. ಫೋನ್ ಮಾಡಿದಲ್ಲೆಲ್ಲ "ಹೊಸ ಪೇಷಂಟ್ ತಗೊಳ್ತಿಲ್ಲ". ಒಬ್ಬರು ಮಾತ್ರ ಧಾರಾಳವಾಗಿ ಮಾರ್ಚ್‌ಗೆ ಕೊಟ್ಟರು, ಈಗಿನ್ನೂ ಅಕ್ಟೋಬರ್! ತುರಿಕೆ ಕಾಯುತ್ತಾ?

ದಾರಿ ತೋರಿಸಿದ್ದು ಫ್ಯಾಮಿಲಿ ಡಾಕ್ಟರ್. ರೆಫರಲ್ ಚೀಟಿಗೆ 12 ಅಕ್ಷರದ ಕೋಡ್ ಹಾಕಿಕೊಟ್ಟು, ಅಪಾಯಿಂಟ್‌ಮೆಂಟ್ ಹುಡುಕಿಕೊಡೋ ಸಹಾಯವಾಣಿ 116117ಕ್ಕೆ ಫೋನ್ ಮಾಡಿ ಅಂದರು. ಕೋಡ್ ಇದ್ದರೆ, ಸರ್ಕಾರಿ ವಿಮೆ ಇರೋರಿಗೆ ಅವರು ಸಾಮಾನ್ಯವಾಗಿ 4 ವಾರದೊಳಗಿನ ಅಪಾಯಿಂಟ್‌ಮೆಂಟ್ ಹುಡುಕಿಕೊಡಬೇಕು. ಡಾಕ್ಟರ್ ಯಾರು, ಎಲ್ಲಿ ಅನ್ನೋದು ಮಾತ್ರ ನಮ್ಮ ಕೈಲಿಲ್ಲ. ನನಗೆ ಬಂದಿದ್ದು ಟ್ರೈನಲ್ಲಿ ಗಂಟೆ ದೂರದ ಊರು.

"ಇಷ್ಟಕ್ಕೆ ಯಾಕೋ ಒದ್ದಾಟ? ನಮ್ಮೂರಲ್ಲಾದ್ರೆ ಸಂಜೆ ಹೋಗಿ ತೋರಿಸ್ಕೊಂಡು ಬರಬಹುದಿತ್ತು" ಅಂತಾಳೆ ಅಮ್ಮ. ನಿಜ. ಆದರೆ ಅಲ್ಲಿ ಮೊದಲು ಜೇಬು ಮುಟ್ಟಿ ನೋಡ್ಕೋಬೇಕು, ಇಲ್ಲಿ ಕ್ಯಾಲೆಂಡರ್. ಎರಡರಲ್ಲಿ ಯಾವುದು ವಾಸಿ ಅಂತ ಇನ್ನೂ ತೀರ್ಮಾನವಾಗಿಲ್ಲ.