ಹೋಗದ ಊರಲ್ಲಿ ಏನು ನೋಡ್ತೀಯ?

ನಾನು ಊರು ಸುತ್ತುವ ಗೇಮ್ ಜಾಸ್ತಿ ಆಡುತ್ತೇನೆ ಅಂತ ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. "ಕಂಪ್ಯೂಟರ್ ಮುಂದೆ ಕೂತು ನ್ಯೂಯಾರ್ಕ್ ಸುತ್ತಿದರೆ ಏನು ಸಿಗುತ್ತೆ? ಅದು ನಿಜವಾದ ಊರಲ್ಲವಲ್ಲ." ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ಸೋದರಮಾವ ಎಲೆ ಮುಂದೆ ಕೂತು ಇದನ್ನೇ ಕೇಳಿದರು. ಅಷ್ಟರಲ್ಲಿ ಪಾಯಸ ಬಂತು, ಮಾತು ಬೇರೆ ಕಡೆ ಹೋಯಿತು. ಅವತ್ತು ಬಾಕಿ ಉಳಿದ ಉತ್ತರ ಇದು.

ಆ ಊರನ್ನು ಕಟ್ಟಿದವರು ನಿಜವಾದ ಊರಲ್ಲಿ ಏನೇನು ಗಮನಿಸಿದ್ದಾರೆ ಅನ್ನೋದನ್ನು ನಾನು ನೋಡುತ್ತೇನೆ. ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಬಿದ್ದಿರುತ್ತದೆ. ಹಾಗಾಗಿ ಒಂದು ಗೇಮಿನ ಲಂಡನ್ ಇನ್ನೊಂದು ಗೇಮಿನ ಲಂಡನ್ ಥರ ಇರೋದೇ ಇಲ್ಲ.

ಲಾರಿಯಿಂದ ಶುರು ಮಾಡುತ್ತೇನೆ, ನಾನು ಶುರು ಮಾಡಿದ್ದೂ ಅಲ್ಲಿಂದಲೇ. ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ 2012ರಲ್ಲಿ ತಂದ ಯೂರೋ ಟ್ರಕ್ ಸಿಮ್ಯುಲೇಟರ್ 2 ಗೇಮಿನಲ್ಲಿ ಯುರೋಪನ್ನು 19ರಲ್ಲಿ ಒಂದು ಪಾಲಿಗೆ ಕುಗ್ಗಿಸಿದ್ದಾರೆ. ಗಡಿಯಾರವೂ ಅದಕ್ಕೆ ತಕ್ಕ ಹಾಗೆ ಓಡುತ್ತದೆ. ಹೈವೇಯಲ್ಲಿ ನಮ್ಮ ಒಂದು ನಿಮಿಷ ಕಳೆದರೆ ಅಲ್ಲಿ 19 ನಿಮಿಷ ಕಳೆದಿರುತ್ತದೆ. ಆದರೆ ಲಾರಿ ಊರೊಳಗೆ ಬಂತೋ, ಗಡಿಯಾರ ನಿಧಾನವಾಗುತ್ತದೆ, ಒಂದಕ್ಕೆ ಮೂರೇ ನಿಮಿಷ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಹಾಸನದ ಬಸ್ಸು ನೆನಪಾಯಿತು. ನೆಲಮಂಗಲದ ತನಕ ಹೊತ್ತು ಹೋದದ್ದೇ ಗೊತ್ತಾಗಲ್ಲ, ಅಲ್ಲಿಂದ ಯಶವಂತಪುರ ಮುಟ್ಟುವಷ್ಟರಲ್ಲಿ ಒಂದು ದಿನ ಕಳೆದ ಹಾಗಾಗುತ್ತೆ. ಆ ಅನುಭವವನ್ನು ಯಾರೋ ಲೆಕ್ಕ ಹಾಕಿ ಗಡಿಯಾರದೊಳಗೆ ಇಟ್ಟಿದ್ದಾರೆ ಅನ್ನಿಸಿತು.

ಅಲ್ಲಿನ ಪ್ಯಾರಿಸ್ ನೋಡಿದರೆ ಮೊದಲು ನಿರಾಸೆ ಆಗುತ್ತದೆ. ಒಂದಷ್ಟು ಗೋದಾಮು, ಕೆಲವು ಸಿಗ್ನಲ್ಲು, ರಿಂಗ್ ರೋಡು, ಸಾಮಾನು ಇಳಿಸುವ ಜಾಗ. ಇಷ್ಟೇನಾ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ನಮ್ಮ ಬೀದಿಯಲ್ಲಿರುವ ಲಾರಿ ಡ್ರೈವರ್ ಒಬ್ಬರ ಜೊತೆ ಮಾತಾಡಿದೆ. ಇಪ್ಪತ್ತು ವರ್ಷ ಮುಂಬೈಗೆ ಲೋಡ್ ಹೊಡೆದವರು. ಗೇಟ್‌ವೇ ಆಫ್ ಇಂಡಿಯಾ ನೋಡಿಯೇ ಇಲ್ಲ, ವಾಶಿ ಮಾರ್ಕೆಟ್ಟಿನ ಒಂದೊಂದು ಗೇಟೂ ಗೊತ್ತು. ಅವರ ಮುಂಬೈ ಅದು. ಗೇಮಿನ ಪ್ಯಾರಿಸ್ ಕೂಡ ಅಂಥದ್ದೇ, ಲಾರಿಯವನ ಪ್ಯಾರಿಸ್. ಟೂರಿಸ್ಟ್ ಫೋಟೋದಲ್ಲಿ ಈ ಪ್ಯಾರಿಸ್ ಯಾವತ್ತೂ ಸಿಗಲ್ಲ. ಇಂಗ್ಲೆಂಡಿನ ಡೋವರ್‌ನಲ್ಲಿ ಲಾರಿಯನ್ನು ಹಡಗಿಗೆ ಹತ್ತಿಸುವ ತನಕ ನಮ್ಮ ಹಾಗೆ ಎಡಗಡೆ ಓಡಿಸಿ, ಫ್ರಾನ್ಸಿನ ಕ್ಯಾಲೆಯಲ್ಲಿ ಇಳಿದು ಬಲಗಡೆ ಹಿಡಿಯುವಾಗ ಕೈ ಒಂದು ಕ್ಷಣ ತಡೆಯುತ್ತದಲ್ಲ, ಅದನ್ನು ನಾನು ಮನೆಯಲ್ಲಿ ಕೂತೇ ಕಲಿತಿದ್ದು.

ಅಂದ ಹಾಗೆ, ಇದೆಲ್ಲ ದುಬಾರಿ ಕಂಪ್ಯೂಟರ್ ಇರುವವರ ಆಟ ಅಂದುಕೊಳ್ಳಬೇಡಿ. ನಮ್ಮ ಕಡೆಯ ಹುಡುಗರು ಮೊಬೈಲಿನಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷಿಯಾ ಆಡುವುದನ್ನು ನೋಡಿ. ಅದರಲ್ಲಿ ಬಸ್ಸಿಗೆ ನಮಗೆ ಬೇಕಾದ ಬಣ್ಣ ಬಳಿಯಬಹುದು. ಹುಡುಗರು ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು, ಐರಾವತ ಎಲ್ಲ ಮಾಡಿಕೊಂಡು ಜಾವಾ ದ್ವೀಪದ ರಸ್ತೆಯಲ್ಲಿ ಸಾಲಾಗಿ ಓಡಿಸುತ್ತಾರೆ. ಬಸ್ಸಿನ ಹಣೆಪಟ್ಟಿ ಮೇಲೆ ಊರಿನ ಹೆಸರು ಕನ್ನಡದಲ್ಲಿ ಇರಲೇಬೇಕು ಅವರಿಗೆ.

ವಿಮಾನದ ಗೇಮಿನ ಕತೆ ಬೇರೆ. 2020ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹೊಸದಾಗಿ ಬಂತು. ಅದರಲ್ಲಿ ಇಡೀ ಭೂಮಿ ಇದೆ. ನೆಲಕ್ಕೆ ಉಪಗ್ರಹದ ಚಿತ್ರ ಹಾಸಿದ್ದಾರೆ, ಕಟ್ಟಡಗಳನ್ನು ಬಹುಪಾಲು ಯಂತ್ರವೇ ಊಹಿಸಿ ನಿಲ್ಲಿಸಿದೆ. ಅಕ್ಕನ ಮಗನ ಮನೆಯಲ್ಲಿ ಅದು ಇದೆ. ಒಂದು ಭಾನುವಾರ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ತವರಿನ ಮೇಲೆ ವಿಮಾನ ಹಾರಿಸಿದೆವು. ಮನೆಗಳೆಲ್ಲ ಎಲ್ಲೋ ನೋಡಿದಂಥ ಮನೆಗಳು, ನಮ್ಮ ಕಡೆಯವಲ್ಲ. ದೇವಸ್ಥಾನ ಇರಬೇಕಾದ ಜಾಗದಲ್ಲೂ ಒಂದು ಮನೆಯೇ ನಿಂತಿತ್ತು. ಅಮ್ಮ ಸುಮ್ನೆ ನೋಡುತ್ತಿದ್ದವರು ತಟ್ಟನೆ ಪರದೆಗೆ ಬೆರಳಿಟ್ಟರು. "ಏ, ಇದು ನಮ್ಮ ಕೆರೆ. ನೋಡು, ಇಲ್ಲಿ ಏರಿ ಬಾಗುತ್ತೆ." ಕೆರೆಯ ಅಂಚು ಉಪಗ್ರಹದ ಚಿತ್ರದಿಂದ ಬಂದದ್ದು, ಹಾಗಾಗಿ ಅದು ಸರಿಯಾಗಿತ್ತು. ಏರಿಯ ಬಾಗು ಹಿಡಿದುಕೊಂಡು ಅಮ್ಮ ತೂಬು ಎಲ್ಲಿ, ತೋಟಕ್ಕೆ ಹೋಗುವ ಕಾಲುದಾರಿ ಎಲ್ಲಿ, ಚಿಕ್ಕಂದಿನಲ್ಲಿ ಬಟ್ಟೆ ಒಗೆಯುತ್ತಿದ್ದ ಕಲ್ಲು ಎಲ್ಲಿ ಅಂತ ಒಂದೊಂದೇ ಹೇಳುತ್ತಾ ಹೋದರು. ಪರದೆ ಮೇಲೆ ಅದ್ಯಾವುದೂ ಇರಲಿಲ್ಲ. ಅವರು ಹೇಳುತ್ತಿದ್ದರು, ನಾನು ವಿಮಾನವನ್ನು ಕೆರೆಯ ಸುತ್ತ ತಿರುಗಿಸುತ್ತಲೇ ಇದ್ದೆ.

ಯಂತ್ರಕ್ಕೆ ತಪ್ಪು ಮಾಹಿತಿ ಸಿಕ್ಕರೆ ಏನಾಗುತ್ತೆ ಅನ್ನೋದಕ್ಕೂ ಇದೇ ಗೇಮಿನಲ್ಲಿ ಒಳ್ಳೆಯ ಉದಾಹರಣೆ ಇದೆ. ಗೇಮ್ ಬಿಡುಗಡೆಯಾದ ಹೊಸದರಲ್ಲಿ ಮೆಲ್ಬರ್ನ್‌ನ ಫಾಕ್ನರ್ ಅನ್ನುವ ಬಡಾವಣೆಯಲ್ಲಿ ಕಡ್ಡಿಯಂಥ ಗೋಪುರವೊಂದು ಮುಗಿಲಿಗೆ ಎದ್ದು ನಿಂತಿತ್ತು. ಸುತ್ತ ಎಲ್ಲ ತಗ್ಗು ಮನೆಗಳು, ನಡುವೆ 212 ಮಹಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ನಕ್ಷೆಯನ್ನು ಜನರೇ ಬರೆಯುತ್ತಾರೆ, ಯಾರು ಬೇಕಾದರೂ ತಮ್ಮ ಬೀದಿ ಸೇರಿಸಬಹುದು. ಅಲ್ಲಿ ಯಾರೋ 2 ಅಂತ ಒತ್ತುವ ಕಡೆ 212 ಅಂತ ಒತ್ತಿದ್ದರು. ನಕ್ಷೆಯಲ್ಲಿ ಅದನ್ನು ಇನ್ನೊಬ್ಬರು ತಿದ್ದಿಯೂ ಆಗಿತ್ತು, ಆದರೆ ಗೇಮಿಗೆ ಹೋದದ್ದು ಹಳೆಯ ಪ್ರತಿ. ಜನ ದೂರ ದೂರದಿಂದ ವಿಮಾನ ಹಾರಿಸಿಕೊಂಡು ಆ ಗೋಪುರ ನೋಡಲು ಬಂದರು. ನನಗೆ ಇದರಲ್ಲಿ ಇಷ್ಟವಾದದ್ದು ಒಂದೇ ಸಂಗತಿ: ಇಷ್ಟು ದೊಡ್ಡ ಗೇಮಿನ ಹಿಂದೆಯೂ, ತನ್ನ ಪಾಡಿಗೆ ತಾನು ಕೂತು ಊರಿನ ಕಟ್ಟಡಗಳ ಮಹಡಿ ತುಂಬಿಸುತ್ತಿದ್ದ ಯಾರೋ ಒಬ್ಬರ ಬೆರಳಿದೆ.

ಆ ಬೆರಳು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬಿಲ್ಡ್ ದಿ ಅರ್ಥ್ ಅನ್ನುವ ಯೋಜನೆಯಲ್ಲಿ. ನಾನು ಈಗ ಜಾಸ್ತಿ ಹೊತ್ತು ಇರುವುದೂ ಅಲ್ಲೇ.

ಮೈನ್‌ಕ್ರಾಫ್ಟ್ ಗೊತ್ತಲ್ವಾ, ಚೌಕ ಚೌಕ ಇಟ್ಟಿಗೆಯ ಗೇಮು. 2020ರ ಮಾರ್ಚಿನಲ್ಲಿ, ಜಗತ್ತೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದ ಹೊತ್ತಿಗೆ, ಪಿಪ್ಪೆನ್‌ಎಫ್‌ಟಿಎಸ್ ಅನ್ನುವ ಹೆಸರಿನ ಯೂಟ್ಯೂಬರ್ ಒಬ್ಬರು ಒಂದು ವಿಡಿಯೊ ಹಾಕಿದರು. ಇಡೀ ಭೂಮಿಯನ್ನು ಮೈನ್‌ಕ್ರಾಫ್ಟಿನಲ್ಲಿ ಇದ್ದಷ್ಟೇ ಗಾತ್ರದಲ್ಲಿ ಕಟ್ಟೋಣ ಬನ್ನಿ ಅಂತ. ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಕುಗ್ಗಿಸುವ ಮಾತೇ ಇಲ್ಲ. ಆಗ ಮೈನ್‌ಕ್ರಾಫ್ಟಿನ ಎತ್ತರ 256 ಬ್ಲಾಕಿಗೆ ಮುಗಿಯುತ್ತಿತ್ತು, ಎವರೆಸ್ಟ್‌ಗೆ 8,800ಕ್ಕೂ ಹೆಚ್ಚು ಬೇಕು. ಆ ಮಿತಿ ತೆಗೆಯಲು ಒಂದು ಮಾಡ್ (ಗೇಮಿಗೆ ಹೊರಗಿನವರು ಬರೆದು ಸೇರಿಸುವ ತುಣುಕು), ಬೆಟ್ಟ ಕಣಿವೆ ರಸ್ತೆಗಳನ್ನು ನಿಜವಾದ ಮಾಹಿತಿಯಿಂದ ಎಬ್ಬಿಸಲು ಇನ್ನೊಂದು ಮಾಡ್. ರಸ್ತೆಗಳು ಬರುವುದು ಮತ್ತೆ ಅದೇ ಓಪನ್‌ಸ್ಟ್ರೀಟ್‌ಮ್ಯಾಪಿನಿಂದ. ನಿಮ್ಮ ಗಲ್ಲಿಯನ್ನು ಯಾರೂ ನಕ್ಷೆಯಲ್ಲಿ ಬರೆದಿಲ್ಲ ಅಂದರೆ ಇಲ್ಲೂ ನಿಮ್ಮ ಗಲ್ಲಿ ಇರಲ್ಲ. ಮನೆ, ಅಂಗಡಿ, ಮರ, ದೀಪದ ಕಂಬ ಎಲ್ಲವನ್ನೂ ಮನುಷ್ಯರು ಕೈಯಿಂದಲೇ ಇಡಬೇಕು. ಒಂದೊಂದು ದೇಶಕ್ಕೆ, ದೊಡ್ಡ ನಗರಗಳಿಗೆ, ಒಂದೊಂದು ತಂಡ.

ನ್ಯೂಯಾರ್ಕ್ ತಂಡದ ಕೆಲಸ ನೋಡಲು ಹೋದಾಗ ನಾನು ಎಂಪೈರ್ ಸ್ಟೇಟ್ ನೋಡಿ ವಾಪಸು ಬರುವ ಯೋಚನೆಯಲ್ಲಿದ್ದೆ. ರಾತ್ರಿ ಒಂದೂವರೆ ಆಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ತಾರಸಿ ಮೇಲಿನ ಮರದ ನೀರಿನ ಟ್ಯಾಂಕುಗಳು. ನಮ್ಮ ಮನೆ ಮೇಲೆ ಕಪ್ಪು ಸಿಂಟೆಕ್ಸ್ ಇರುವ ಹಾಗೆ ಅಲ್ಲಿನ ಹಳೆಯ ಕಟ್ಟಡಗಳ ಮೇಲೆ ಕಾಲಿರುವ ಮರದ ಪೀಪಾಯಿ ನಿಂತಿರುತ್ತವೆ. ಬೀದಿಯಲ್ಲಿ ನಡೆಯುವವನಿಗೆ ಸರಿಯಾಗಿ ಕಾಣುವುದೂ ಇಲ್ಲ. ಆದರೂ ಯಾರೋ ಒಂದೊಂದು ತಾರಸಿಗೂ ಹೋಗಿ, ನಾಲ್ಕು ಕಾಲು ನೆಟ್ಟು, ಮೇಲೆ ಕಂದು ಬ್ಲಾಕು ಜೋಡಿಸಿ, ಚೂಪು ಟೋಪಿ ಇಟ್ಟು ಬಂದಿದ್ದಾರೆ. ಕಾಸು ಕೊಟ್ಟು ಮಾಡಿಸಿದ ಕೆಲಸ ಅಲ್ಲ ಅದು. ತಮ್ಮ ಊರು ಹಾಗಿದೆ, ಅದಕ್ಕೆ ಹಾಗೇ ಇರಬೇಕು ಅಂತ ಮಾಡಿದ್ದು. ಪೈಸೆ ಖರ್ಚಿಲ್ಲದೆ ಅದನ್ನು ನೋಡಲು ಸಿಕ್ಕಿದ್ದು ನನ್ನ ಪುಣ್ಯ ಅಂತಲೇ ನಾನು ತಿಳಿದಿದ್ದೇನೆ.

ಆಮೇಲೆ ನಮ್ಮ ಮೈಸೂರು ಹೇಗಿದೆ ನೋಡೋಣ ಅಂತ ಆ ಮಾಡ್‌ಗಳನ್ನು ನನ್ನ ಕಂಪ್ಯೂಟರಿನಲ್ಲೇ ಹಾಕಿಕೊಂಡೆ. ಅದರಲ್ಲಿ ಒಂದು ಆಜ್ಞೆ ಇದೆ, ಅಕ್ಷಾಂಶ ರೇಖಾಂಶ ಕೊಟ್ಟರೆ ನೇರ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ನಕ್ಷೆಯಿಂದ ಊರ ನಡುವಿನ ದೊಡ್ಡ ಗಡಿಯಾರದ ಅಕ್ಷಾಂಶ ರೇಖಾಂಶ ನೋಡಿ ಕೊಟ್ಟೆ. ಕಣ್ಣು ಬಿಟ್ಟರೆ ಬಯಲು. ಹುಲ್ಲು, ಅದರ ಮೇಲೆ ಬೂದು ಬಣ್ಣದ ರಸ್ತೆಗಳು, ಕೆಲವು ಕಡೆ ಕಟ್ಟಡದ ತಳದ ಗೆರೆ. ಪರದೆ ಮೂಲೆಯಲ್ಲಿ ಎತ್ತರ 760ರ ಆಸುಪಾಸು ತೋರಿಸುತ್ತಿತ್ತು, ಅಂದರೆ ಸಮುದ್ರಮಟ್ಟದಿಂದ ಮೈಸೂರು ನಿಜವಾಗಿ ಎಷ್ಟು ಮೇಲಿದೆಯೋ ಅಷ್ಟು. ದೂರದಲ್ಲಿ ಚಾಮುಂಡಿ ಬೆಟ್ಟ ಇತ್ತು. ಗುಡಿ ಇಲ್ಲ, ಮೆಟ್ಟಿಲಿಲ್ಲ, ನಂದಿ ಇಲ್ಲ. ಬೆಟ್ಟದ ಮೈ ಮಾತ್ರ. ಜನ ಬಂದು ನೆಲೆಸುವ ಮೊದಲು ಇದು ಹೀಗೇ ಕಾಣುತ್ತಿತ್ತೇನೋ ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಗಡಿಯಾರ ನಾನೇ ಕಟ್ಟೋಣ ಅಂತ ಕೂತೆ. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿದ ಗೋಪುರ, 75 ಅಡಿ. ಅಂದರೆ 23 ಬ್ಲಾಕು. ಸಲೀಸು ಅನ್ನಿಸಿತು. ಎರಡನೇ ಬ್ಲಾಕು ಇಡುವಷ್ಟರಲ್ಲಿ ಕೈ ನಿಂತಿತು. ಬಾಗಿಲು ಯಾವ ಕಡೆಗಿದೆ? ಗಡಿಯಾರದ ಕೆಳಗೆ ಕಿಟಕಿ ಎಷ್ಟು? ಹುಟ್ಟಿದಾಗಿನಿಂದ ಅದರ ಪಕ್ಕದಲ್ಲೇ ಓಡಾಡಿದ್ದೇನೆ. ಮುಳ್ಳು ನೋಡಿದ್ದೇನೆ, ಕನ್ನಡದ ಅಂಕಿಗಳನ್ನು ನೋಡಿದ್ದೇನೆ, ಉಳಿದದ್ದು ನೆನಪಿಗೆ ಬರಲಿಲ್ಲ. ಮರುದಿನ ಬೆಳಗ್ಗೆ ಹೋಗಿ ಸುತ್ತ ನಿಂತು ಬರೆದುಕೊಂಡು ಬಂದೆ. ಆ ಕನ್ನಡದ ಅಂಕಿಗಳನ್ನು ಮೀಟರ್ ಅಗಲದ ಬ್ಲಾಕಿನಲ್ಲಿ ಮೂಡಿಸಲು ಇವತ್ತಿಗೂ ದಾರಿ ಸಿಕ್ಕಿಲ್ಲ. ಬರೆಯುವ ಹಲಗೆ ಒಂದು ಇದೆ, ಅದರಲ್ಲಿ ಕನ್ನಡ ಬರೆದರೆ ಕೊಂಬು ಒಂದು ಕಡೆ ಒತ್ತು ಒಂದು ಕಡೆ ಬೀಳುತ್ತದೆ. ಇದು ನನಗೆ ನಿಜವಾಗಿ ಬೇಸರದ ವಿಷಯ. ಅಂಗಡಿ ಬೋರ್ಡಿಲ್ಲದ ಮೈಸೂರು ಮೈಸೂರಾಗಲ್ಲ.

ಅಲ್ಲಿಂದ ದೇವರಾಜ ಮಾರ್ಕೆಟ್ಟಿಗೆ ಇಳಿದೆ. ಹತ್ತು ಅಡಿಯ ಅಂಗಡಿ ಮೂರು ಬ್ಲಾಕ್ ಅಗಲ ಬರುತ್ತದೆ, ಹಾಗಾಗಿ ಸಾಲಿನಲ್ಲಿ ಎಷ್ಟು ಅಂಗಡಿ ಅಂತ ಸರಿಯಾಗಿ ಎಣಿಸಿದರೆ ಸಾಲಿನ ಉದ್ದ ತಾನೇ ಬರಬೇಕು. ಟೇಪು ಹಿಡಿದು ಹೂವಿನ ಸಾಲಿನಲ್ಲಿ ಬಗ್ಗಿದ್ದೆ. ಒಬ್ಬ ಹೂವಿನಮ್ಮ ಕಟ್ಟುತ್ತಿದ್ದ ಮಾಲೆ ಬಿಟ್ಟು ಎದ್ದರು. "ಏನ್ ಸಾರ್ ಅಳೀತಿದೀರಾ? ಕಾರ್ಪೊರೇಷನ್ನವರಾ?" ಅವರ ಮುಖ ನೋಡಿ ನನಗೆ ಅರ್ಥವಾಯಿತು. 2016ರಲ್ಲಿ ಆ ಮಾರ್ಕೆಟ್ಟಿನ ಒಂದು ಭಾಗ ಕುಸಿದಿತ್ತು. ಕೆಡವಬೇಕೋ ದುರಸ್ತಿ ಮಾಡಬೇಕೋ ಅನ್ನೋ ಜಗಳ ಕೋರ್ಟಿನ ತನಕ ಹೋಯಿತು. ಅಲ್ಲಿ ಟೇಪು ಹಿಡಿದವನನ್ನು ಕಂಡರೆ ಹೊಟ್ಟೆ ಕಳಕ್ ಅನ್ನದೆ ಇರುತ್ತಾ? "ಇಲ್ಲಮ್ಮ, ಮನೇಲಿ ಇದರ ಮಾದರಿ ಮಾಡ್ತಿದ್ದೀನಿ" ಅಂತ ಫೋನಿನಲ್ಲಿ ಚಿತ್ರ ತೋರಿಸಿದೆ. ಅವರು ಫೋನ್ ಕೈಗೆ ತಗೊಂಡು, ಕಣ್ಣಿಗೆ ಹತ್ತಿರ ಹಿಡಿದು, ತುಂಬಾ ಹೊತ್ತು ನೋಡಿದರು. "ಅಂಗಡಿ ಹಾಕಿದೀರ, ಸರಿ. ಹೂವೇ ಇಲ್ವಲ್ಲ."

ಆ ರಾತ್ರಿ ಹೂವಿಟ್ಟೆ. ಮೈನ್‌ಕ್ರಾಫ್ಟಿನಲ್ಲಿ ಮಲ್ಲಿಗೆ ಇಲ್ಲ. ಜಗಲಿಯ ಮೇಲೆ ಬಿಳಿ ಕಾರ್ಪೆಟ್ ಹಾಸಿದರೆ ಮಲ್ಲಿಗೆ, ಹಳದಿ ಹಾಸಿದರೆ ಸೇವಂತಿಗೆ, ಕಿತ್ತಳೆ ಹಾಸಿದರೆ ಚೆಂಡುಹೂವು. ಸ್ವಲ್ಪ ದೂರ ನಿಂತು ನೋಡಿದರೆ ಅದೇ ಸಾಲು.

ಈಗ ಕೈ ಹಾಕಿರುವುದು ಲ್ಯಾನ್ಸ್‌ಡೌನ್ ಕಟ್ಟಡಕ್ಕೆ. 1892ರದ್ದು, ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದಾಗಿನದು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು, ಅಂಗಡಿಗಳೆಲ್ಲ ಖಾಲಿಯಾದವು. ಹೊರಗಿನ ಗೋಡೆಯನ್ನು ಈಗಲೂ ನೋಡಿ ಬರೆದುಕೊಳ್ಳಬಹುದು. ಆದರೆ ಅಲ್ಲಿದ್ದ ಹಳೇ ಪುಸ್ತಕದಂಗಡಿಗಳು ಯಾವ್ಯಾವ ಬಾಗಿಲಲ್ಲಿ ಇದ್ದವು ಅನ್ನೋದು ಯಾವ ಉಪಗ್ರಹದ ಚಿತ್ರದಲ್ಲೂ ಸಿಗಲ್ಲ. ಕಾಲೇಜಿನಲ್ಲಿದ್ದಾಗ ಪ್ರತಿ ಜೂನ್‌ನಲ್ಲೂ ಅಲ್ಲಿಗೆ ಹೋಗಿ ಅರ್ಧ ಬೆಲೆಗೆ ಪುಸ್ತಕ ತರುತ್ತಿದ್ದವರು ನಮ್ಮ ಮನೆಯಲ್ಲಿ ಒಬ್ಬರೇ. ನಿನ್ನೆ ಅವರಿಗೇ ಫೋನ್ ಮಾಡಿದೆ.

"ಮಾವ, ನೀವು ಪುಸ್ತಕ ತಗೋತಿದ್ದ ಅಂಗಡಿ ಮೂಲೆಯಿಂದ ಎಷ್ಟನೇದು?"

"ಯಾಕೋ ಈಗ? ಮೂರನೇದೋ ನಾಲ್ಕನೇದೋ ಇರ್ಬೇಕು. ತಡಿ, ನೆನಪು ಮಾಡ್ಕೋತೀನಿ."

ಹತ್ತು ನಿಮಿಷ ಬಿಟ್ಟು ಅವರೇ ವಾಪಸು ಮಾಡಿದರು. "ನಾಲ್ಕನೇದು ಕಣೋ. ಮುಂದೆ ಒಂದು ಕಲ್ಲು ಮೆಟ್ಟಿಲಿತ್ತು, ಎಡಗಡೆ ಒಡೆದಿತ್ತು. ಅದನ್ನ ಹಾಗೇ ಹಾಕು."