300 ಮೀಟರ್ ಅಂದರೆ ಯಾವ 300?

ಮುಂಬಯಿಯ ಹಡಗು ಕಟ್ಟುವ ಯಾರ್ಡ್ ಮಜಗಾಂವ್ ಡಾಕ್‌ನಿಂದ ನೌಕಾಪಡೆಯ ಕಲ್ವರಿ ವರ್ಗದ ಸಬ್‌ಮರೀನ್ ಒಂದೊಂದಾಗಿ ಹೊರಬಂದಾಗಲೆಲ್ಲ, ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನ ಆಸುಪಾಸಿನ ನಮ್ಮವರು ಕೇಳುವ ಪ್ರಶ್ನೆ ಒಂದೇ: ಇದು ಎಷ್ಟು ಆಳಕ್ಕೆ ಹೋಗುತ್ತದೆ? ಪತ್ರಿಕೆಗಳು 300 ಅಥವಾ 350 ಮೀಟರ್ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಓದಿದವರಿಗೆ 351ನೇ ಮೀಟರಿಗೆ ಹಲ್ (ನೀರಿನ ಒತ್ತಡ ತಾಳುವ ಉಕ್ಕಿನ ಒಡಲು) ನೆಗ್ಗಿಹೋಗುತ್ತದೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನಿಜವಾದ ಅಂಕಿಯನ್ನು ಯಾವ ನೌಕಾಪಡೆಯೂ ಬಿಟ್ಟುಕೊಡುವುದಿಲ್ಲ. ಅದು ಹುಟ್ಟುವ ಲೆಕ್ಕ ಮಾತ್ರ ಗುಟ್ಟಲ್ಲ.

ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಹೆಚ್ಚುಕಡಿಮೆ 1 ಬಾರ್ ಒತ್ತಡ ಏರುತ್ತದೆ. 300 ಮೀಟರಿನಲ್ಲಿ ಪ್ರತಿ ಚದರ ಮೀಟರ್ ಪ್ಲೇಟಿನ ಮೇಲೆ 300 ಟನ್ನಿಗೂ ತುಸು ಹೆಚ್ಚು ಭಾರ. ಕೊಳವೆಯಾಕಾರದ ಹಲ್‌ನ ಸುತ್ತಳತೆಯ ದಿಕ್ಕಿನಲ್ಲಿ ಎಷ್ಟು ಸ್ಟ್ರೆಸ್ (ಲೋಹದೊಳಗಿನ ಒತ್ತಡ) ಬೀಳುತ್ತದೆ ಎಂದು ತಿಳಿಯಲು ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಪ್ಲೇಟಿನ ದಪ್ಪದಿಂದ ಭಾಗಿಸಬೇಕು. ಕಲ್ವರಿಯ ವ್ಯಾಸ ಸುಮಾರು 6.2 ಮೀಟರ್, ತ್ರಿಜ್ಯ 3,100 ಮಿ.ಮೀ. ಪ್ಲೇಟ್ 30 ಮಿ.ಮೀ. ದಪ್ಪ ಎಂದು ಲೆಕ್ಕಕ್ಕಷ್ಟೇ ಇಟ್ಟುಕೊಂಡರೆ, 300 ಮೀಟರಿನ ಸುಮಾರು 30 ಬಾರ್ ಅಂದರೆ 3 ಮೆಗಾಪ್ಯಾಸ್ಕಲ್ ಒತ್ತಡಕ್ಕೆ ಸ್ಟ್ರೆಸ್ ಸುಮಾರು 310 ಮೆಗಾಪ್ಯಾಸ್ಕಲ್. ಉಕ್ಕನ್ನೂ ಲೆಕ್ಕಕ್ಕಷ್ಟೇ ಸಬ್‌ಮರೀನ್‌ಗಳಿಗೆ ಬಳಸುವ ಎಚ್‌ವೈ-80 ದರ್ಜೆಯದು ಎಂದುಕೊಂಡರೆ, ಅದು ಸೋಲುವುದು 550ರ ಸುಮಾರಿಗೆ. ಕಾಗದದ ಮೇಲೆ ನೋಡಿದರೆ ಹಲ್ 530 ಮೀಟರಿನವರೆಗೂ ತಾಳಬೇಕು.

ಕಾಗದದ ಮೇಲಿನ ಹಲ್ ಪೂರ್ತಿ ದುಂಡಗಿರುತ್ತದೆ, ಯಾರ್ಡಿನಲ್ಲಿ ಕಟ್ಟಿದ್ದು ಹಾಗಿರುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳೇ ಇದು. ಹೊರಗಿನ ಒತ್ತಡಕ್ಕೆ ಸಿಕ್ಕಿದ ಕೊಳವೆ ಎಲ್ಲಿ ಸ್ವಲ್ಪ ಚಪ್ಪಟೆಯಾಗಿದೆಯೋ ಅಲ್ಲೇ ಬಾಗಲು ತೊಡಗುತ್ತದೆ. ಬಾಗಿದಷ್ಟೂ ದುಂಡುತನ ಕೆಡುತ್ತದೆ, ಕೆಟ್ಟಷ್ಟೂ ಮತ್ತೆ ಬಾಗುತ್ತದೆ. ವಿನ್ಯಾಸದಲ್ಲಿ ಸಾಮಾನ್ಯವಾಗಿ ಬಿಟ್ಟುಕೊಡುವ ವ್ಯತ್ಯಾಸ ತ್ರಿಜ್ಯದ ಶೇ. 0.5, ಅಂದರೆ ನಮ್ಮ ಲೆಕ್ಕದ ಹಲ್‌ಗೆ ಹದಿನೈದೂವರೆ ಮಿ.ಮೀ. ಹಲ್ ಸೋಲುವ ಬಗೆಯೂ ಒಂದೇ ಅಲ್ಲ. ಹಲ್‌ಗೆ ಪಕ್ಕೆಲುಬಿನಂತೆ ಕೂರಿಸಿದ ಉಕ್ಕಿನ ಬಳೆಗಳೇ ಫ್ರೇಮ್. ಎರಡು ಫ್ರೇಮ್‌ಗಳ ನಡುವಿನ ಪ್ಲೇಟ್ ಸುತ್ತಲೂ ಒಂದೇ ಸಮನೆ ಒಳಕ್ಕೆ ಕುಸಿಯಬಹುದು. ಅದೇ ಜಾಗದಲ್ಲಿ ಅಲೆಅಲೆಯಾಗಿ ನೆಗ್ಗಬಹುದು. ಫ್ರೇಮ್‌ಗಳ ಅಂತರ ಹೆಚ್ಚಾದರೆ ಆಗುವುದು ಇದು. ಫ್ರೇಮ್‌ಗಳೇ ಸಣಕಲಾಗಿದ್ದರೆ ಪ್ಲೇಟನ್ನೂ ಸೇರಿಸಿಕೊಂಡು ಎರಡು ಬಲ್ಕ್‌ಹೆಡ್‌ಗಳ (ಅಡ್ಡಗೋಡೆಗಳ) ನಡುವಿನ ಇಡೀ ಭಾಗ ಒಮ್ಮೆಲೇ ಹೋಗುತ್ತದೆ. ಮೊದಲಿನದರ ಆಳವನ್ನು ಲೆಕ್ಕದಲ್ಲಿ ಹಿಡಿಯುವುದು ಸುಲಭ, ಉಳಿದೆರಡು ಆಕಾರದ ಸಣ್ಣ ದೋಷಕ್ಕೂ ಸಿಕ್ಕಾಪಟ್ಟೆ ಬದಲಾಗುತ್ತವೆ. ಆದ್ದರಿಂದ ಫ್ರೇಮ್‌ಗಳನ್ನು ದಪ್ಪವಾಗಿ, ಹತ್ತಿರ ಹತ್ತಿರ ಕೂರಿಸಿ, ಹಲ್ ಸೋಲುವುದಾದರೆ ಮೊದಲ ರೀತಿಯಲ್ಲೇ ಸೋಲಲಿ ಎಂದು ವಿನ್ಯಾಸ ಮಾಡುತ್ತಾರೆ.

ಆಕಾರದ ಮಾತಾಯಿತು, ಇನ್ನು ಬೆಸುಗೆ. ವೆಲ್ಡಿಂಗ್‌ನಲ್ಲಿ ದೊಡ್ಡ ಶತ್ರು ತೇವ. ತೇವದಿಂದ ಬರುವ ಹೈಡ್ರೋಜನ್ ಬೆಸುಗೆ ಆರಿದ ಎಷ್ಟೋ ಹೊತ್ತಿನ ಮೇಲೆ ಒಳಗೊಳಗೇ ಬಿರುಕು ತರುತ್ತದೆ. ಮುಂಬಯಿಯ ಜುಲೈ ತಿಂಗಳ ಗಾಳಿಯಲ್ಲಿ ಬೆಸುಗೆ ಕಡ್ಡಿಯನ್ನು (ಎಲೆಕ್ಟ್ರೋಡ್) ಓವನ್ನಿನಿಂದ ತೆಗೆದು ಹೊರಗೆ ಇಟ್ಟು ಮರೆತರೆ ಅದು ಕೆಟ್ಟಿತೆಂದೇ ಲೆಕ್ಕ. ಪ್ಲೇಟನ್ನು ಮೊದಲೇ ಕಾಯಿಸಿಕೊಳ್ಳುವುದು, ಪರೀಕ್ಷೆಯನ್ನು ತಡಮಾಡಿ ಮಾಡುವುದು ಎಲ್ಲ ಈ ಕಾರಣಕ್ಕೇ.

ಇಷ್ಟೆಲ್ಲ ಆದಮೇಲೆ ಸುರಕ್ಷತೆಯ ಅಂತರ. ಸಬ್‌ಮರೀನ್ ಮಾಮೂಲಾಗಿ ಇಳಿಯಬಹುದಾದ ಗರಿಷ್ಠ ಆಳವೇ ಟೆಸ್ಟ್ ಡೆಪ್ತ್. ಅಮೆರಿಕದ ಪದ್ಧತಿಯಲ್ಲಿ ಅದು ವಿನ್ಯಾಸದ ಆಳದ, ಅಂದರೆ ಲೆಕ್ಕದ ಪ್ರಕಾರ ಹಲ್ ಸೋಲುವ ಆಳದ, ಮೂರನೇ ಎರಡು ಪಾಲು, ಬ್ರಿಟನ್ನಿನಲ್ಲಿ ಏಳನೇ ನಾಲ್ಕು, ಜರ್ಮನಿಯಲ್ಲಿ ಸರಿಯಾಗಿ ಅರ್ಧ. ಮೂವರೂ 300 ಮೀಟರ್ ಎಂದು ಬರೆದರೂ ಅದರ ಹಿಂದಿನ ಅಂಕಿ ಕ್ರಮವಾಗಿ 450, 525, 600. ಎರಡು ದೇಶಗಳ ಸಬ್‌ಮರೀನ್‌ಗಳನ್ನು ಈ ಒಂದು ಅಂಕಿಯಿಟ್ಟು ಹೋಲಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಆ ಅಂತರ ಲೋಹಕ್ಕಾಗಿ ಮಾತ್ರ ಅಲ್ಲ, ಸಮಯಕ್ಕಾಗಿಯೂ ಬೇಕು. 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ವೇಗದಲ್ಲಿ ಮೂತಿಯನ್ನು ಮೇಲೆ ಕೆಳಗೆ ಮಾಡುವ ಹಿಂದಿನ ಚುಕ್ಕಾಣಿ ಸಿಕ್ಕಿಕೊಂಡು ಮೂತಿ 20 ಡಿಗ್ರಿ ಕೆಳಗಾದರೆ 100 ಮೀಟರ್ ಇಳಿಯಲು 28 ಸೆಕೆಂಡ್ ಸಾಕು. ಅದಕ್ಕೇ ಆಳ ಹೆಚ್ಚಾದಂತೆ ವೇಗಕ್ಕೂ ಕೋನಕ್ಕೂ ಮಿತಿ ಹಾಕುತ್ತಾರೆ. ಪೈಪ್ ಒಡೆದರೆ ಇನ್ನೂ ಕಷ್ಟ. 300 ಮೀಟರಿನಲ್ಲಿ 50 ಮಿ.ಮೀ. ತೂತಿನಿಂದ ನೀರು ಸೆಕೆಂಡಿಗೆ ಸುಮಾರು 90 ಲೀಟರಿನಂತೆ, ನಿಮಿಷಕ್ಕೆ 5 ಟನ್ನಿಗೂ ಹೆಚ್ಚು ನುಗ್ಗುತ್ತದೆ. ಹಲ್ ತಾನೂ ಕುಗ್ಗಿ ತೇಲುವ ಶಕ್ತಿ ಕಳೆದುಕೊಂಡಿರುತ್ತದೆ. ಮೇಲೇಳಲು ಬ್ಯಾಲಸ್ಟ್ ಟ್ಯಾಂಕಿನ (ಮುಳುಗಲು ನೀರು ತುಂಬಿಕೊಳ್ಳುವ ತೊಟ್ಟಿ) ನೀರನ್ನು ಗಾಳಿಯಿಂದ ಹೊರಗೆ ತಳ್ಳಿ ಖಾಲಿ ಮಾಡಲು ಮೇಲ್ಮೈಯಲ್ಲಿ ಬೇಕಾದ ಗಾಳಿಯ ಸುಮಾರು 30 ಪಟ್ಟು ಇಲ್ಲಿ ಬೇಕು.

1963ರ ಏಪ್ರಿಲ್ 10ರಂದು 129 ಜನರೊಂದಿಗೆ ಮುಳುಗಿದ ಅಮೆರಿಕದ ಸಬ್‌ಮರೀನ್ ಥ್ರೆಶರ್‌ನಲ್ಲಿ ಹಲ್ ಮೊದಲು ಸೋಲಲಿಲ್ಲ. ಸಮುದ್ರದ ನೀರಿನ ಪೈಪಿನ ಬೆಸುಗೆ ಬಿಟ್ಟಿರಬೇಕು ಎಂದು ತನಿಖೆ ಹೇಳಿತು. ರಿಯಾಕ್ಟರ್ ನಿಂತಿತು. ಟ್ಯಾಂಕಿಗೆ ಬಿಡುವ ಗಾಳಿಯಲ್ಲಿದ್ದ ತೇವ ಅದರ ಪೈಪಿನ ಸ್ಟ್ರೈನರ್‌ಗಳಲ್ಲಿ (ಜರಡಿಗಳಲ್ಲಿ) ಹಿಮಗಟ್ಟಿದ್ದರಿಂದ ಟ್ಯಾಂಕ್ ಖಾಲಿಯಾಗಲಿಲ್ಲ. ಹಲ್ ನೆಗ್ಗಿದ್ದು ಇದೆಲ್ಲ ಆದಮೇಲೆ.

ಮುಂಬಯಿ ಎದುರಿನ ಕಡಲಲ್ಲಿ ಸಬ್‌ಮರೀನನ್ನು ಇಷ್ಟು ಆಳಕ್ಕೆ ಇಳಿಸಿ ನೋಡುವ ಪರೀಕ್ಷೆಗಳಿಗೆ ಜಾಗವೇ ಇಲ್ಲ ಎಂಬುದೊಂದು ತಮಾಷೆ. ದಡದಿಂದ 160 ಕಿ.ಮೀ.ಗೂ ದೂರದ ತೈಲಕ್ಷೇತ್ರ ಬಾಂಬೆ ಹೈನಲ್ಲಿ ನೀರಿನ ಆಳ ಬರೀ 75 ಮೀಟರಿನ ಸುಮಾರು, ಕಲ್ವರಿಯ ಉದ್ದ 67.5. ಅಲ್ಲಿ ಮೂತಿ ತಗ್ಗಿಸುವವರು ಹೆದರಬೇಕಾದದ್ದು ನೆಲಕ್ಕೆ. ಆಳದ ಪರೀಕ್ಷೆಗೆ ಕಾಂಟಿನೆಂಟಲ್ ಶೆಲ್ಫ್‌ನ (ದಡಕ್ಕೆ ಹೊಂದಿದ ಆಳವಿಲ್ಲದ ಕಡಲತಳದ) ಅಂಚು ದಾಟಬೇಕು.

ಹಳೆಯ ಸಬ್‌ಮರೀನ್‌ಗಳಿಗೆ ಮೊದಲಿನ ಅಂಕಿಯೂ ನಿಲ್ಲುವುದಿಲ್ಲ. ಪ್ರತಿ ಡೈವ್ ಹಲ್‌ಗೆ ಒಂದು ಲೋಡ್ ಸೈಕಲ್, ಅಂದರೆ ಒಮ್ಮೆ ಒತ್ತಡ ಏರಿ ಇಳಿದಂತೆ. ಬೆಸುಗೆಯ ಸುತ್ತ ಉಳಿದ ಎಳೆತ ಅದರೊಂದಿಗೆ ಸೇರಿ ಬಿರುಕು ಬೆಳೆಯುತ್ತದೆ. ರೀಫಿಟ್‌ನಲ್ಲಿ (ದೊಡ್ಡ ರಿಪೇರಿಯಲ್ಲಿ) ಅಲ್ಟ್ರಾಸೋನಿಕ್‌ನಿಂದ ದಪ್ಪ ಅಳೆಯುವಾಗ ಮೊದಲು ನೋಡಬೇಕಾದ ಜಾಗಗಳಲ್ಲೊಂದು ಬ್ಯಾಟರಿಗಳ ಕೆಳಗಿನ ಬಿಲ್ಜ್ (ಹಲ್‌ನ ತಳದ ಜಾಗ). ಆಸಿಡ್ ಸೋರಿದ್ದರೆ ಪ್ಲೇಟ್ ಒಳಗಿನಿಂದಲೇ ತಿಂದುಹೋಗಿರುತ್ತದೆ. ಸವೆದ ಜಾಗವನ್ನು ಬೆಸುಗೆಯಿಂದ ತುಂಬಬೇಕು ಅಥವಾ ಪ್ಲೇಟ್ ಬದಲಿಸಬೇಕು. ಎರಡೂ ಆಗದಿದ್ದರೆ ಆ ಸಬ್‌ಮರೀನಿನ ಅನುಮತಿಸಿದ ಆಳವನ್ನೇ ಇಳಿಸುತ್ತಾರೆ.