ಎಬಿಎಸ್ ಹಾಕಿ ನಾನೇ ಮುಚ್ಚಿಟ್ಟ ಮೈನಸ್

ನಮ್ಮ ವಿಭಾಗದ 400 ಮೆಗಾಹರ್ಟ್ಸ್ ಎನ್‌ಎಂಆರ್ ಯಂತ್ರ (ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಅಣುಗಳನ್ನು ಪರೀಕ್ಷಿಸುವ ಯಂತ್ರ) ನೋಡಿಕೊಳ್ಳುವುದು ನನ್ನ ಕೆಲಸ. ಒಂದು ದಿನ ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳು ನಿಕ್ಕಲ್ ಕಾಂಪ್ಲೆಕ್ಸಿನ (ಲೋಹದ ಸುತ್ತ ಬೇರೆ ಅಣುಗಳು ಅಂಟಿಕೊಂಡ ಸಂಯುಕ್ತ) ಲೆಕ್ಕ ಹಿಡಿದು ಬಂದಳು. "ಸರ್, ಮ್ಯಾಗ್ನೆಟಿಕ್ ಮೊಮೆಂಟ್ 4.4 ಬಂದಿದೆ. ಟೆಟ್ರಾಹೀಡ್ರಲ್ ಅಂತ ಬರೀಲಾ?"

ಮ್ಯಾಗ್ನೆಟಿಕ್ ಮೊಮೆಂಟ್ ಅಂದರೆ ಆ ಲೋಹ ಎಷ್ಟು ಬಲದ ಪುಟ್ಟ ಅಯಸ್ಕಾಂತ ಎನ್ನುವ ಅಳತೆ; ಅದು ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನುಗಳಿಂದ ಬರುತ್ತದೆ. ನಿಕ್ಕಲ್ ಎರಡು ಪ್ಲಸ್‌ನಲ್ಲಿ ಒಂಟಿ ಎಲೆಕ್ಟ್ರಾನ್ ಎರಡೇ. ಬರೀ ಸ್ಪಿನ್ ಲೆಕ್ಕ ಹಿಡಿದರೆ 2.83 ಬೋರ್ ಮ್ಯಾಗ್ನೆಟಾನ್. ಆಕ್ಟಾಹೀಡ್ರಲ್ (ಲೋಹದ ಸುತ್ತ ಆರು ಕೊಂಡಿ) ಆದರೆ ಸಾಮಾನ್ಯವಾಗಿ 2.9ರಿಂದ 3.3, ಟೆಟ್ರಾಹೀಡ್ರಲ್ (ನಾಲ್ಕು ಕೊಂಡಿ) ಆದರೆ 4ರ ಆಸುಪಾಸು. 4.4 ಅದಕ್ಕೂ ಜಾಸ್ತಿಯೇ. ಮೇಲಾಗಿ ಟ್ಯೂಬಿನಲ್ಲಿದ್ದದ್ದು ತಿಳಿಹಸಿರು. ಟೆಟ್ರಾಹೀಡ್ರಲ್ ನಿಕ್ಕಲ್ ಸಾಮಾನ್ಯವಾಗಿ ಗಾಢ ನೀಲಿ. ಆದರೂ ನಾನು "ತೂಕದಲ್ಲಿ ಎಲ್ಲೋ ತಪ್ಪಿದ್ದೀಯ" ಎಂದು ಸುಮ್ನೆ ವಾಪಸ್ ಕಳಿಸಿದೆ. ಅವಳು ಮೂರು ಸಲ ತೂಗಿ ಮಾಡಿದಳು. ಮತ್ತೆ ಅದೇ 4.4.

ನಾವು ಬಳಸುವುದು 1959ರ ಇವಾನ್ಸ್ ವಿಧಾನ. ಹೊರಗಿನ ಟ್ಯೂಬಿನಲ್ಲಿ ಕಾಂಪ್ಲೆಕ್ಸಿನ ದ್ರಾವಣ, ಜೊತೆಗೆ ಒಂದಿಷ್ಟು ಟಿಎಂಎಸ್ (ಗುರುತಿಗೆ ಹಾಕುವ ಸರಳ ಸಂಯುಕ್ತ). ಒಳಗೊಂದು ಕ್ಯಾಪಿಲರಿ, ಅದರಲ್ಲಿ ಅದೇ ದ್ರಾವಕ, ಅದೇ ಟಿಎಂಎಸ್, ಕಾಂಪ್ಲೆಕ್ಸ್ ಮಾತ್ರ ಇಲ್ಲ. ಒಂಟಿ ಎಲೆಕ್ಟ್ರಾನುಗಳು ಹೊರಗಿನ ದ್ರಾವಣದ ಕಾಂತಕ್ಷೇತ್ರವನ್ನು ಚೂರು ಬದಲಿಸುತ್ತವೆ. ಹಾಗಾಗಿ ಒಂದೇ ಟಿಎಂಎಸ್‌ಗೆ ಎರಡು ಪೀಕ್ ಕಾಣುತ್ತವೆ. ನಡುವಿನ ಅಂತರ ಅಳೆದರೆ ಸಸೆಪ್ಟಿಬಿಲಿಟಿ (ಕಾಂತಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎನ್ನುವ ಅಳತೆ) ಸಿಗುತ್ತದೆ. ಅದರ ವರ್ಗಮೂಲದ ಲೆಕ್ಕದಲ್ಲಿ ಮ್ಯಾಗ್ನೆಟಿಕ್ ಮೊಮೆಂಟ್ ಬರುತ್ತದೆ. 

ಕೊನೆಗೆ ಶೆಲ್ಫಿನಿಂದ ಕ್ರೋಮಿಯಂ ಅಸಿಟೈಲ್‌ಅಸಿಟೋನೇಟ್ ತೆಗೆದೆ. ಕಾರ್ಬನ್ ಸ್ಪೆಕ್ಟ್ರಂ ಬೇಗ ಮುಗಿಸಲು ಹಾಕುವ ನೇರಳೆ ಪುಡಿ, ನಮ್ಮಲ್ಲಿ ಯಾವಾಗಲೂ ಇರುತ್ತದೆ. 0.01 ಮೋಲಾರ್, 298 ಕೆಲ್ವಿನ್. ಅಂತರ 101 ಹರ್ಟ್ಸ್. ನನ್ನ ಎಕ್ಸೆಲ್ ಹಾಳೆ 5.36 ಎಂದಿತು. ಕ್ರೋಮಿಯಂ ಮೂರು ಪ್ಲಸ್‌ನಲ್ಲಿ ಡಿ ಎಲೆಕ್ಟ್ರಾನ್ ಇರುವುದೇ ಮೂರು, ಬರಬೇಕಾದದ್ದು 3.8ರ ಹತ್ತಿರ. ಭಾಗಿಸಿ ನೋಡಿದೆ: 1.41. ಎರಡರ ವರ್ಗಮೂಲ! ಹಾಗಾದರೆ ಸಸೆಪ್ಟಿಬಿಲಿಟಿ ಸರಿಯಾಗಿ ಎರಡು ಪಟ್ಟು ಬರುತ್ತಿದೆ. ತೂಕದ ತಪ್ಪು ಇಷ್ಟು ಲೆಕ್ಕಾಚಾರವಾಗಿ ಆಗುವುದಿಲ್ಲ ಅಲ್ವಾ?

ಆ ಹಾಳೆ ಮಾಡಿದವನು ನಾನೇ. ಸೂತ್ರವನ್ನು ಹಳೇ ಪ್ರಾಕ್ಟಿಕಲ್ ಕೈಪಿಡಿಯಿಂದ ಇಳಿಸಿಕೊಂಡಿದ್ದೆ. ಅದು ಎಲೆಕ್ಟ್ರೋಮ್ಯಾಗ್ನೆಟ್ ಕಾಲದ್ದು. ಆಗ ಟ್ಯೂಬ್ ನೆಟ್ಟಗೆ ನಿಂತಿರುತ್ತಿತ್ತು, ಕ್ಷೇತ್ರ ಅಡ್ಡಕ್ಕೆ ಹಾಯುತ್ತಿತ್ತು. ಈಗಿನ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ನಲ್ಲಿ ಕ್ಷೇತ್ರ ಟ್ಯೂಬಿನ ಉದ್ದಕ್ಕೇ ಇರುತ್ತದೆ. ಕ್ಷೇತ್ರ ಅಡ್ಡ ಇದ್ದಾಗ ಸಸೆಪ್ಟಿಬಿಲಿಟಿಯನ್ನು ಗುಣಿಸಬೇಕಾದ್ದು ಮೈನಸ್ 2ಪೈ/3ರಿಂದ, ಉದ್ದಕ್ಕಿದ್ದರೆ ಪ್ಲಸ್ 4ಪೈ/3ರಿಂದ. ಅಂದರೆ ಪೀಕ್ ಎರಡು ಪಟ್ಟು ದೂರ ಸರಿಯುತ್ತದೆ, ಅದೂ ಉಲ್ಟಾ ದಿಕ್ಕಿಗೆ.

ಹೊಟ್ಟೆ ಉರಿಸಿದ್ದು ಈ ಉಲ್ಟಾ ದಿಕ್ಕೇ. ಹಾಳೆ ಮಾಡುವಾಗ ಉತ್ತರ ಮೈನಸ್ ಬಂದಿತ್ತು. "ಕಳೆಯುವಾಗ ಹಿಂದುಮುಂದಾಗಿರಬೇಕು" ಎಂದುಕೊಂಡು ಎಬಿಎಸ್ ಫಂಕ್ಷನ್ (ಮೈನಸ್ ಅನ್ನು ಪ್ಲಸ್ ಮಾಡುವ ಎಕ್ಸೆಲ್ ಸೂತ್ರ) ತುರುಕಿ ಚಿಹ್ನೆಯನ್ನೇ ಅಳಿಸಿಬಿಟ್ಟಿದ್ದೆ. ಯಂತ್ರ ಅವತ್ತೇ ಹೇಳಿತ್ತು, ನಾನೇ ಬಾಯಿ ಮುಚ್ಚಿಸಿದ್ದು.

ಎಬಿಎಸ್ ಕಿತ್ತು ಹಾಕಿದೆ. ಹಾಳೆಯ ತಲೆಯಲ್ಲಿ ಕ್ಷೇತ್ರದ ದಿಕ್ಕು ಬರೆದೆ. ಈಗ ಯಾರೇ ಇವಾನ್ಸ್ ಮಾಡಲು ಬಂದರೂ ಮೊದಲು ಆ ನೇರಳೆ ಪುಡಿ ಅಳೆದೇ ಮುಂದೆ ಹೋಗಬೇಕು. ಹಳೇ ಹಾಳೆ ಬಳಸಿದ್ದವರಿಗೆಲ್ಲ ಮೇಲ್ ಬರೆದೆ, ಕೈ ನಡುಗುತ್ತಿತ್ತು. ಆ ಹುಡುಗಿಯನ್ನು ಕರೆದು ತಪ್ಪು ನನ್ನದೆಂದು ಹೇಳಿ, ಹೊಸ ಲೆಕ್ಕ ಕೊಟ್ಟೆ: 3.1.

ಅವಳು ಟ್ಯೂಬ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. "ಅದಕ್ಕೇ ಹಸಿರಾಗಿತ್ತು ಸರ್."